ಸಿಗ್ನಲ್ ಸಿಗದ ಕಡೆ ರೈಲಿನ ಚಿತ್ರ ತೆಗೆದ ಜಾಗವನ್ನು ಫೋನಿನಲ್ಲಿ ಗುರುತಿಟ್ಟುಕೊಳ್ಳುವುದು ಹೇಗೆ?

ಮೊಬೈಲ್ ಸಿಗ್ನಲ್ ಇಲ್ಲದ ಗುಡ್ಡಗಾಡಿನಲ್ಲಿ ರೈಲಿನ ಚಿತ್ರಕ್ಕೆ ಒದಗುವ ಜಾಗಗಳನ್ನು, ಮತ್ತೊಮ್ಮೆ ಹೋದಾಗ ತಪ್ಪದೆ ಸಿಗುವಂತೆ ಫೋನಿನಲ್ಲಿ ದಾಖಲಿಸುವ ಬಗೆಯನ್ನು ಕೇಳಿದ್ದೀರಿ. ಸಿಗ್ನಲ್ ಇಲ್ಲದಿರುವುದು ಇಲ್ಲಿ ದೊಡ್ಡ ಅಡ್ಡಿಯಲ್ಲ. ಜಿಪಿಎಸ್ ಸಂಕೇತಗಳು ಉಪಗ್ರಹಗಳಿಂದ ನೇರವಾಗಿ ಬರುತ್ತವೆ. ಇಂಟರ್ನೆಟ್ಟಿನ ನೆರವಿಲ್ಲದಾಗ ಫೋನಿಗೆ ಮೊದಲ ಸಲ ಸ್ಥಳ ತಿಳಿಯಲು ಕೆಲವು ನಿಮಿಷ ಹಿಡಿಯಬಹುದು, ಅಷ್ಟೆ. ನಕ್ಷೆಯನ್ನು ಮಾತ್ರ ಹೊರಡುವ ಮುನ್ನವೇ ಇಳಿಸಿಕೊಂಡಿರಬೇಕು. ನಾನು ಬಳಸುವುದು ಜನರೇ ಸೇರಿ ರಚಿಸುವ ಉಚಿತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ಆಸ್ಮ್ಯಾಂಡ್ ಆ್ಯಪನ್ನು, ಏಕೆಂದರೆ ನನಗೆ ರಸ್ತೆಗಳಿಗಿಂತ ಕಾಲುದಾರಿಗಳು ಹೆಚ್ಚು ಮುಖ್ಯ.

ಮೊದಮೊದಲು ನಾನು ಚಿತ್ರದಲ್ಲಿ ಕಾಣುವ ಸೇತುವೆಯ ಮೇಲೆಯೇ ಪಿನ್ ಹಾಕಿಕೊಂಡು ಬರುತ್ತಿದ್ದೆ. ವರ್ಷದ ಬಳಿಕ ಅದನ್ನೇ ನಂಬಿ ಹೋದಾಗ ಸೇತುವೆಯ ಬುಡಕ್ಕೆ ತಲುಪಿದೆ. ಹಿಂದೆ ನಿಂತಿದ್ದ ಬಂಡೆಯೋ ಕಣಿವೆಯ ಆಚೆ ಮಗ್ಗುಲಲ್ಲಿತ್ತು, ಅದಕ್ಕೆ ದಾರಿ ಬೇರೆಯೇ ಕಡೆಯಿಂದ. ಅಂದು ರೈಲಿನ ಸದ್ದನ್ನಷ್ಟೇ ಕೇಳಿಸಿಕೊಂಡು ಮರಳಿದೆ. ಆಮೇಲಿಂದ ಒಂದೊಂದು ನೋಟಕ್ಕೂ ವಾಹನ ನಿಲ್ಲಿಸಿದ ಜಾಗ, ಕಾಲುದಾರಿ ಕವಲೊಡೆಯುವ ಜಾಗ, ಕ್ಯಾಮೆರಾ ಹಿಡಿದು ನಿಂತ ಜಾಗ ಎಂದು ಮೂರು ಗುರುತುಗಳನ್ನು ಹಾಕುತ್ತೇನೆ. ನಡೆದ ಹಾದಿಯನ್ನೂ ಆ್ಯಪಿನಲ್ಲಿ ದಾಖಲಿಸುತ್ತೇನೆ. ಹಳಿಯ ಬೇಲಿಯೊಳಗೆ ಹೋದರಷ್ಟೇ ಸಿಗುವ ನೋಟಗಳಿಗೆ ನನ್ನ ಪಟ್ಟಿಯಲ್ಲಿ ಜಾಗವಿಲ್ಲ.

ತೆರೆದ ಆಕಾಶದಡಿ ಫೋನಿನ ಜಿಪಿಎಸ್ ಸಾಮಾನ್ಯವಾಗಿ ಸುಮಾರು 5 ಮೀಟರ್‌ಗಳಷ್ಟು ನಿಖರವಾಗಿರುತ್ತದೆ. ಕಡಿದಾದ ಬಂಡೆಯ ಪಕ್ಕದಲ್ಲಿ, ದಟ್ಟ ಮರಗಳ ಕೆಳಗೆ ತಪ್ಪು ಹೆಚ್ಚುತ್ತದೆ. ಆದ್ದರಿಂದ ನಿಂತ ಕೂಡಲೇ ಪಿನ್ ಹಾಕದೆ, ಪರದೆಯ ಮೇಲಿನ ಚುಕ್ಕಿ ಅಲುಗಾಡುವುದು ನಿಲ್ಲುವವರೆಗೆ ಕಾಯಿರಿ. ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶ ಬಿಂದುವಿನ ನಂತರ 5 ಅಂಕಿಗಳವರೆಗೆ ಬರೆದುಕೊಂಡರೆ ಸಾಕು. ಐದನೆಯ ಅಂಕಿಯೇ ನೆಲದ ಮೇಲೆ ಹೆಚ್ಚೆಂದರೆ ಸುಮಾರು 1 ಮೀಟರ್ ಆಗುವುದರಿಂದ, ಅದರಾಚೆಗಿನ ಅಂಕಿಗಳು ಬರಿಯ ಆಡಂಬರ.

ಪಿನ್ನಿನ ಟಿಪ್ಪಣಿಯಲ್ಲಿ ನೋಡಿದ ದಿಕ್ಕು, ಬಳಸಿದ ಲೆನ್ಸು, ಹಳಿಯ ಮೇಲೆ ಬಿಸಿಲು ಬಿದ್ದ ಗಂಟೆ ಇರಲಿ. ಸೂರ್ಯನ ದಾರಿ ಋತುವಿನೊಂದಿಗೆ ಸರಿಯುವುದರಿಂದ ತಾರೀಖು ಇಲ್ಲದ ಗಂಟೆಗೆ ಅರ್ಥವಿಲ್ಲ. ದಿಕ್ಕಿಗೆ ಮಾತ್ರ ಫೋನಿನ ದಿಕ್ಸೂಚಿಯನ್ನು ಕಣ್ಮುಚ್ಚಿ ನಂಬಬೇಡಿ. ವಾಹನ, ಕಬ್ಬಿಣದ ಬೇಲಿ, ಅಯಸ್ಕಾಂತವಿರುವ ಫೋನ್ ಕವರ್ ಕೂಡ ಅದನ್ನು ಕೆಡಿಸುತ್ತವೆ. ನಿಂತ ಜಾಗದಿಂದ ಸೇತುವೆಗೆ ನಕ್ಷೆಯ ಮೇಲೆಯೇ ಗೆರೆ ಎಳೆದು ಅಳೆಯುವುದು ಮೇಲು.

ಮನೆಗೆ ಬಂದ ದಿನವೇ ಎಲ್ಲವನ್ನೂ ಜಿಪಿಎಕ್ಸ್ ಕಡತವಾಗಿ (ಗುರುತು, ಹಾದಿಗಳನ್ನು ಹಿಡಿದಿಡುವ, ಹೆಚ್ಚಿನ ನಕ್ಷೆ ಆ್ಯಪುಗಳು ಓದಬಲ್ಲ ಕಡತ) ಹೊರತೆಗೆದು ಬೇರೆಡೆ ಇಡಿ, ನಾಳೆ ಆ್ಯಪ್ ಬದಲಿಸಿದರೂ ಅದು ತೆರೆದುಕೊಳ್ಳುತ್ತದೆ. ಚಿತ್ರದಲ್ಲೇ ಸ್ಥಳದ ಮಾಹಿತಿ ಇದೆಯಲ್ಲ ಎಂದು ಸುಮ್ಮನಿರಬೇಡಿ, ಚಾಟ್ ಆ್ಯಪುಗಳ ಮೂಲಕ ಕಳುಹಿಸಿದ ಚಿತ್ರದಿಂದ ಅದು ಬಹುತೇಕ ಅಳಿಸಿಹೋಗಿರುತ್ತದೆ.