ಎರಡನೇ ಔಷಧಿ ಬಿಡಬೇಡಿ

ಹೊಸನಗರದ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ: 'ಮಗ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ ಓದುತ್ತಿದ್ದಾನೆ. ಕ್ಯಾಂಪಸ್ ಸೆಲೆಕ್ಷನ್ ಆಯ್ತು. ಇನ್ನು ಪಾಸಾದ್ರೆ ಸಾಕು, ಮಾರ್ಕ್ಸ್ ಯಾರು ನೋಡ್ತಾರೆ ಅಂತಾನೆ. ಅವರಪ್ಪನೂ ಸುಮ್ನಿರು ಅಂತಾರೆ. ನಾನು ಹೇಳೋದು ತಪ್ಪಾ?'

ತಪ್ಪಲ್ಲ ತಾಯಿ. ಮೂರು ವರ್ಷ ನಿದ್ದೆಗೆಟ್ಟು ಓದಿದ ಹುಡುಗ. ನಾಲ್ಕು ದಿನ ಆರಾಮಾಗಿರಲಿ, ಗೆಳೆಯರ ಜೊತೆ ಜೋಗಕ್ಕೆ ಹೋಗಿಬರಲಿ. ಆದರೆ ನಾಲ್ಕು ದಿನ ಬೇರೆ, ಇಡೀ ವರ್ಷ ಬೇರೆ.

ಅಡಿಕೆ ತೋಟ ಇದೆ ಅಂತ ಬರೆದಿದ್ದೀರಿ. ಮಳೆ ಹಿಡಿಯೋ ಮುಂಚೆ ಕೊಳೆರೋಗ ಬರದ ಹಾಗೆ ಒಂದು ಸಲ ಬೋರ್ಡೋ ಔಷಧಿ ಹೊಡೆಸುತ್ತೇವೆ, 40-45 ದಿನಕ್ಕೆ ಇನ್ನೊಂದು ಸಲ. ನಾನು ಚಿಕ್ಕವನಿದ್ದಾಗ ಒಂದು ವರ್ಷ ಗೊನೆ ಭರ್ತಿ ಇತ್ತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಸಿಗಲಿಲ್ಲ. 'ಕಾಯಿ ಕಚ್ಚಿದೆಯಲ್ಲ' ಅಂತ ಅಪ್ಪ ಎರಡನೇ ಔಷಧಿ ಬಿಟ್ಟರು. ಆಗಸ್ಟ್‌ನ ಜಡಿಮಳೆಗೆ ಕೊಳೆ ಬಂತು. ಬೆಳಿಗ್ಗೆ ಹೋಗಿ ನೋಡಿದರೆ ಮರದ ಬುಡದ ತುಂಬ ಹಸಿರು ಕಾಯಿ, ಮೇಲೆಲ್ಲ ಬಿಳಿ ಬೂಷ್ಟು. ಅಮ್ಮ ಕಂಬಳಿಕೊಪ್ಪೆ ಹಾಕಿಕೊಂಡು, ಮಾತಾಡದೆ, ಒಂದೊಂದೇ ಆರಿಸಿ ಬುಟ್ಟಿಗೆ ಹಾಕುತ್ತಿದ್ದರು.

ಆಫರ್ ಲೆಟರ್ ಕಚ್ಚಿದ ಕಾಯಿ ಅಷ್ಟೇ, ಕೊಯ್ಲಲ್ಲ. ಆ ಕಾಗದವನ್ನು ಮಗನಿಂದ ಪೂರ್ತಿ ಓದಿಸಿ. ಸೇರುವ ಹೊತ್ತಿಗೆ ಒಂದೂ ಬ್ಯಾಕ್‌ಲಾಗ್, ಅಂದರೆ ಪಾಸಾಗದೆ ಉಳಿದ ವಿಷಯ, ಇರಬಾರದು ಅಂತ ಎಷ್ಟೋ ಕಂಪನಿಗಳು ಹೇಳುತ್ತವೆ. ಕೆಲವು ಕಡೆ 60 ಪರ್ಸೆಂಟೂ ಬೇಕು. 2022ರಲ್ಲಿ ಪಾಸಾದ ಎಷ್ಟೋ ಮಕ್ಕಳು ಆಫರ್ ಕೈಯಲ್ಲಿಟ್ಟುಕೊಂಡೇ ತಿಂಗಳುಗಟ್ಟಲೆ ಮನೆಯಲ್ಲಿ ಕಾದರು, ಕೆಲವರ ಆಫರ್ ವಾಪಸೂ ಆಯಿತು. ಆಗ ಇನ್ನೊಂದು ಕಡೆ ಅರ್ಜಿ ಹಾಕಲು ಮಾರ್ಕ್ಸ್ ಕಾರ್ಡೇ ಬೇಕಾಯಿತು. ಕೊನೇ ವರ್ಷದವರು ಎಂ.ಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಯನ್ನೂ ಬರೆಯಬಹುದು. ಅದರ ಸ್ಕೋರ್ 3 ವರ್ಷ ನಡೆಯುತ್ತದೆ. ಓದಿದ್ದು ತಲೆಯಲ್ಲಿರುವಾಗಲೇ ಬರೆದುಬಿಡಲಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಎಂ.ಎ. ಕೊನೇ ವರ್ಷದಲ್ಲಿ ನನಗೆ ಪತ್ರಿಕೆಯೊಂದರಲ್ಲಿ ಪ್ರೂಫ್ ನೋಡುವ ಕೆಲಸ ಸಿಕ್ಕಿತು. ಪುಸ್ತಕ ಮುಚ್ಚಿಟ್ಟೆ. ಬಂದದ್ದು 54 ಪರ್ಸೆಂಟ್. ನಾಲ್ಕು ವರ್ಷ ಕಳೆದ ಮೇಲೆ ಪಾಠ ಮಾಡುವ ಆಸೆ ಹುಟ್ಟಿತು. ಲೆಕ್ಚರರ್ ಆಗಲು 55 ಬೇಕಿತ್ತು. ಆ ಒಂದು ಪರ್ಸೆಂಟ್ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಹಾಗಂತ ತಪ್ಪೆಲ್ಲ ಹುಡುಗರದ್ದೇ ಅನ್ನಲಾರೆ. ಸೆಲೆಕ್ಷನ್ ಆದ ಮಕ್ಕಳ ಫೋಟೋ ಹಾಕಿ ಕಾಲೇಜುಗಳು ಊರ ತುಂಬ ಫ್ಲೆಕ್ಸ್ ಕಟ್ಟುತ್ತವೆ. ಆಮೇಲೆ ಆ ಮಕ್ಕಳು ಕ್ಲಾಸಿಗೆ ಬಂದರಾ ಅಂತ ಕೇಳುವವರು ಎಷ್ಟು ಜನ? ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರುವುದೂ ಮಾಮೂಲಾಗುತ್ತಿದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಹೊಟ್ಟೆ ಉರಿಯುವುದು ಇದಕ್ಕೇ. ನಮ್ಮ ಮಲೆನಾಡಲ್ಲಿ ಪ್ರಾಜೆಕ್ಟ್ ಮಾಡೋಕೆ ವಿಷಯ ಇಲ್ವಾ? ಮೋಡ ಕವಿದ ದಿನ ಅಡಿಕೆ ಒಣಗಿಸೋದು ಹೇಗೆ? ಕೊನೆಗಾರ ಸಿಗದ ಊರಲ್ಲಿ ಔಷಧಿ ಹೊಡೆಯೋದು ಹೇಗೆ? ಇವಕ್ಕೆಲ್ಲ ತಲೆಕೊಡಲು ಪುರುಸೊತ್ತು ಸಿಗುವುದೇ ಕೊನೇ ವರ್ಷ, ಅದೂ ಕೆಲಸದ ಚಿಂತೆ ಕಳೆದ ಹುಡುಗನಿಗೆ.

ನಿಮಗೂ ಒಂದು ಮಾತು ತಾಯಿ, ಬೇಜಾರು ಮಾಡ್ಕೋಬೇಡಿ. ಪತ್ರದಲ್ಲಿ ಮಾರ್ಕ್ಸ್ ಅಂತ ಐದು ಸಲ ಬರೆದಿದ್ದೀರಿ. ಇಂಜಿನಿಯರಿಂಗ್‌ನಲ್ಲಿ ಅವನು ಏನು ಓದುತ್ತಿದ್ದಾನೆ ಅಂತ ಒಂದು ಸಲವೂ ಬರೆದಿಲ್ಲ. ದೀಪಾವಳಿಗೆ ಬಂದಾಗ ಕೂರಿಸಿಕೊಂಡು ಪ್ರಾಜೆಕ್ಟ್ ಏನು ಅಂತ ಕೇಳಿ. ನಿಮಗೆ ಅರ್ಥವಾಗುವ ಹಾಗೆ ಹೇಳಲಿ. ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವನು ಏನು ಹೇಳಿದ ಅಂತ ನನಗೊಂದು ಕಾಗದ ಹಾಕಿ.