ರಾಯಚೂರಿನಿಂದ ಮೂಡಿಗೆರೆಗೆ ಮಕ್ಕಳನ್ನು ಕರೆತರುವ ಅಕ್ಕನಿಗೆ

ನರ್ಸ್ ಆಗಿ ನಮ್ಮ ಕಡೆಗೆ ವರ್ಗವಾಗಿ ಬರುತ್ತಿದ್ದೀರಿ. ಮಗನನ್ನು ಒಂದನೇ ಕ್ಲಾಸಿಗೆ, ಮಗಳನ್ನು ನಾಲ್ಕಕ್ಕೆ ಸೇರಿಸಬೇಕು, ಇಲ್ಲಿನ ಸರ್ಕಾರಿ ಶಾಲೆ ಹೇಗೆ ನಡೆಯುತ್ತೆ ಅಂತ ಕೇಳಿದಿರಿ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯ ಅಲ್ಲ. ಅದಕ್ಕೆ ಕೂತು ಬರೆಯುತ್ತಿದ್ದೇನೆ.

ಮೊದಲು ಊರಿನ ವಿಷಯ. ನಮ್ಮದು ಚಿಕ್ಕಮಗಳೂರು ಜಿಲ್ಲೆಯ ಅಂಚು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದರೆ ದಕ್ಷಿಣ ಕನ್ನಡ. ಹಾಗಾಗಿ ಒಂದೇ ಕ್ಲಾಸಿನಲ್ಲಿ ಮನೆಯಲ್ಲಿ ತುಳು ಮಾತಾಡುವ ಮಗು, ಬ್ಯಾರಿ ಮಾತಾಡುವ ಮಗು, ಉರ್ದು, ಕೊಂಕಣಿ, ತಮಿಳಿನ ಮಕ್ಕಳು, ಎಲ್ಲರೂ ಇರುತ್ತಾರೆ. ನಿಮ್ಮ ಮಗ "ಹೌದ್ರಿ ಟೀಚರ್" ಅಂದರೆ ಮೊದಲ ವಾರ ಪಕ್ಕದ ಹುಡುಗರು ನಗಬಹುದು. ಆಮೇಲೆ ಅವರೇ ಹಾಗೆ ಹೇಳೋಕೆ ಶುರು ಮಾಡುತ್ತಾರೆ. ಇಲ್ಲಿ ಎಷ್ಟೋ ಶಾಲೆಗಳಲ್ಲಿ ಮೇಷ್ಟ್ರುಗಳು ಉತ್ತರ ಕರ್ನಾಟಕದವರೇ. ನಿಮ್ಮ ಮಾತು ಕೇಳಿದರೆ ಅವರಿಗೆ ತವರಿನವರು ಸಿಕ್ಕಷ್ಟು ಖುಷಿ. ಭಾಷೆ ಬಗ್ಗೆ ಚಿಂತೆ ಬಿಡಿ.

"ಸೇರಿಸುವಾಗ ಟೆಸ್ಟ್ ಇರುತ್ತಾ? ಮಗನಿಗೆ ಅ ಆ ಇ ಈ ಪೂರ್ತಿ ಬಾಯಿಪಾಠ ಮಾಡಿಸಿದ್ದೇನೆ" ಅಂದಿರಿ. ಟೆಸ್ಟ್ ಇಲ್ಲ. ಮಗುವನ್ನು ಪರೀಕ್ಷೆ ಮಾಡಿ ಸೇರಿಸಿಕೊಳ್ಳುವುದನ್ನು ಶಿಕ್ಷಣ ಹಕ್ಕು ಕಾಯ್ದೆಯೇ ತಡೆದಿದೆ. ಆದರೆ ಆ ಬಾಯಿಪಾಠದ ವಿಷಯ ಸ್ವಲ್ಪ ಹೇಳಬೇಕು. ಯಾಕೆಂದರೆ ನಾನೂ ಅದೇ ಮಾಡಿದ್ದೆ.

ನನ್ನ ಮಗಳು ಒಂದನೇ ಕ್ಲಾಸಿಗೆ ಹೋಗುವ ವರ್ಷ, ಏಪ್ರಿಲ್ ಮೇ ಎರಡೂ ತಿಂಗಳು ಕೂರಿಸಿಕೊಂಡು ಅ ಇಂದ ಳ ತನಕ ಕಲಿಸಿದೆ. ಹಾಡಿನ ಹಾಗೆ ಹೇಳುತ್ತಿದ್ದಳು. ಜೂನಿನಲ್ಲಿ ಶಾಲೆಯಿಂದ ಬಂದ ಮೊದಲ ವಾರವೇ ನನಗೆ ಗಾಬರಿ. ಸ್ಲೇಟಿನಲ್ಲಿ ರ ಗ ಸ ದ ಅ ಅಂತ ಬರೆದುಕೊಂಡು ಬಂದಿದ್ದಳು. ಇದೇನು, ಟೀಚರ್ ವರ್ಣಮಾಲೆಯನ್ನೇ ತಪ್ಪು ಕಲಿಸುತ್ತಿದ್ದಾರಾ ಅಂತ ಮರುದಿನ ಶಾಲೆಗೆ ಹೋದೆ. ಟೀಚರ್ ಬೇಜಾರು ಮಾಡಿಕೊಳ್ಳಲಿಲ್ಲ. ಒಂದು ಕಾರ್ಡಿನಲ್ಲಿ ಗ ಬರೆದು ಮಗಳಿಗೆ ತೋರಿಸಿದರು. ಅವಳು ಕ ಇಂದ ಹಾಡು ಶುರು ಮಾಡಿ, ಕ, ಖ, ಗ ಅಂತ ಎಣಿಸಿಕೊಂಡು ಬಂದು ನಿಂತಳು. ಬಿಡಿಯಾಗಿ ಗ ನೋಡಿದರೆ ಗುರುತೇ ಇರಲಿಲ್ಲ. "ಹಾಡು ಬರುತ್ತೆ, ಅಕ್ಷರ ಇನ್ನೂ ಬಂದಿಲ್ಲ" ಅಂದರು.

ಲೆಕ್ಕಾಚಾರ ಇಷ್ಟೇ. ಸ್ವರ ಅಷ್ಟೂ ಕಲಿತರೂ ಮಗುವಿಗೆ ಓದೋಕೆ ಒಂದು ಒಳ್ಳೆ ಪದ ಸಿಗಲ್ಲ. ರ ಗ ಸ ದ ಅ, ಈ ಐದು ಕಲಿತರೆ ಅರಸ, ಅಗಸ, ಸರ, ದಸರ, ಗರಗಸ ಎಲ್ಲಾ ಓದಬಹುದು. ಮುಂದಿನ ಗುಂಪು ಜ ವ ಮ ಬ ನ. ಆಗ ಮರ, ವನ, ಜನ, ಮಗ, ನಗ. ಕೊಂಬು, ದೀರ್ಘ ಯಾವುದೂ ಬೇಡ. ಬರೆಯೋಕೂ ಈ ಅಕ್ಷರಗಳ ತಿರುವು ಸುಲಭ. ಹದಿನೈದು ದಿನ ಆಗಿರಬೇಕು, ನಮ್ಮ ಕೊಟ್ಟಿಗೆ ಗೋಡೆಗೆ ನೇತುಹಾಕಿದ್ದ ಅವಳ ಅಜ್ಜನ ಗರಗಸದ ಕೆಳಗೆ ಇದ್ದಿಲಿನಲ್ಲಿ ಯಾರೋ ಬರೆದಿದ್ದರು. ಗ ದೊಡ್ಡದು, ರ ಸಣ್ಣದು, ಸ ಮಗುಚಿಕೊಂಡಿತ್ತು. "ಗರಗಸ." ಆ ಗೋಡೆಗೆ ಎರಡು ಸಲ ಸುಣ್ಣ ಹೊಡೆದೆವು. ಅಷ್ಟು ಜಾಗ ಮಾತ್ರ ಬಿಟ್ಟು.

ಅದಕ್ಕೆ ಹೇಳುವುದು, ಮಗನಿಗೆ ಬಂದದ್ದು ಬರಲಿ, ಇನ್ನು ಮುಂದೆ ಮನೆಯಲ್ಲಿ ಬೇರೆ ಕ್ರಮದಲ್ಲಿ ಎಳೆದಾಡಬೇಡಿ. ಶಾಲೆಯಲ್ಲಿ ಇವತ್ತು ಯಾವ ಅಕ್ಷರ ಆಯಿತು ಅಂತ ಕೇಳಿ, ಅದನ್ನೇ ಮನೆಯ ಡಬ್ಬಿ ಮೇಲೆ, ಬಸ್ಸಿನ ಬೋರ್ಡಿನಲ್ಲಿ ಹುಡುಕಿಸಿ.

ಇದಕ್ಕೆ ನಲಿ-ಕಲಿ ಅನ್ನುತ್ತಾರೆ. ನಿಮ್ಮ ಕಡೆಯೂ ಇದೆ, ಮಗಳು ಅದರಲ್ಲೇ ಕಲಿತಿರಬೇಕು. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಗುಂಪಿಗೆ ತಟ್ಟೆ ಅನ್ನುತ್ತಾರೆ. ಮಗ ಬಂದು "ನಾನಿವತ್ತು ಮೂರನೇ ತಟ್ಟೆ" ಅಂದರೆ ಊಟದ ತಟ್ಟೆ ಅಂದುಕೊಳ್ಳಬೇಡಿ. ಗೋಡೆಯ ಕೆಳಗಡೆ, ಮಗುವಿನ ಎದೆ ಮಟ್ಟಕ್ಕೆ, ಬಣ್ಣ ಬಳಿದು ಒಬ್ಬೊಬ್ಬರಿಗೆ ಒಂದೊಂದು ಚೌಕ ಮಾಡಿರುತ್ತಾರೆ. ಅದು ಅವರವರ ಬೋರ್ಡು. ಕಲಿಯುವುದಕ್ಕೆ ಒಂದು ಏಣಿ ಇದೆ. ಮಗು ಒಂದೊಂದೇ ಮೆಟ್ಟಿಲು ಹತ್ತುತ್ತೆ. ನಾಲ್ಕು ದಿನ ಬರದಿದ್ದರೆ ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಶುರು. ಪಾಠ ಮುಂದೆ ಹೋಯಿತು, ನನ್ನ ಮಗ ಹಿಂದೆ ಬಿದ್ದ ಅನ್ನುವ ಮಾತಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಇದು ಹುಟ್ಟಿದ್ದು. ಅದೂ ಕಾಡಂಚಿನ ತಾಲ್ಲೂಕು. ಮೇಷ್ಟ್ರು ಕಮ್ಮಿ, ಮಕ್ಕಳು ದಿನಾ ಬರಲಾಗದ ಊರುಗಳು. ನಮ್ಮಂಥ ಜಾಗಕ್ಕೇ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ. ಯಾಕೆ ಅಂತ ಮಳೆಗಾಲ ನೋಡಿದರೆ ಗೊತ್ತಾಗುತ್ತೆ.

ಶಾಲೆ ಶುರುವಾಗುವುದು ಮೇ ಕೊನೆಗೆ. ಮಳೆ ಹಿಡಿಯುವುದು ಜೂನಿಗೆ. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳಲ್ಲಿ ವಾರಗಟ್ಟಲೆ ಬಿಸಿಲಿನ ಮುಖ ಕಾಣಲ್ಲ. ರಾಯಚೂರಿನಲ್ಲಿ ಒಗೆದ ಬಟ್ಟೆ ಗಂಟೆಯೊಳಗೆ ಒಣಗುತ್ತೆ. ಇಲ್ಲಿ ಮೂರು ದಿನವಾದರೂ ಹಸಿ ಹಸಿ. ನಾವು ಬಚ್ಚಲು ಒಲೆಯ ಮೇಲೆ ಹಗ್ಗ ಕಟ್ಟಿ ಯೂನಿಫಾರ್ಮ್ ಒಣಗಿಸುತ್ತೇವೆ. ಬಟ್ಟೆ ಹೊಗೆ ವಾಸನೆ ಬರುತ್ತೆ. ಬರಲಿ, ಇಡೀ ಕ್ಲಾಸಿನ ಮಕ್ಕಳ ಬಟ್ಟೆಯೂ ಅದೇ ವಾಸನೆ. ಸರ್ಕಾರದ ಯೂನಿಫಾರ್ಮ್, ಶೂ, ಕಾಲುಚೀಲ, ಪುಸ್ತಕ ಎಲ್ಲಾ ಉಚಿತವಾಗಿ ಸಿಗುತ್ತೆ. ಆದರೂ ಮಳೆಗಾಲಕ್ಕೆ ಅಂತ ಇನ್ನೊಂದು ಜೊತೆ ಬಟ್ಟೆ ಹೊಲಿಸಿಕೊಳ್ಳಿ. ಶೂ ಮಳೆ ಮುಗಿಯುವ ತನಕ ಡಬ್ಬದಲ್ಲೇ ಇರಲಿ, ಪ್ಲಾಸ್ಟಿಕ್ ಚಪ್ಪಲಿಯಲ್ಲಿ ಬಂದರೆ ಯಾವ ಟೀಚರೂ ಏನೂ ಅನ್ನಲ್ಲ. ಗಮ್ ಬೂಟ್ ಕೊಡಿಸೋಕೆ ಹೋಗಬೇಡಿ. ಹಳ್ಳದ ನೀರು ಒಳಗೆ ತುಂಬಿಕೊಂಡರೆ ಸಣ್ಣ ಮಗುವಿಗೆ ಕಾಲು ಎತ್ತೋಕಾಗಲ್ಲ.

ಬ್ಯಾಗಿನ ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಕವರ್, ಅದರೊಳಗೆ ಪುಸ್ತಕ. ಇನ್ನೊಂದು ಕವರಿನಲ್ಲಿ ಒಣಗಿದ ಚಡ್ಡಿ, ಟವೆಲ್. ಹೊರಗಿನ ಜೇಬಿನಲ್ಲಿ ಬಟ್ಟೆಯಲ್ಲಿ ಕಟ್ಟಿದ ಉಪ್ಪು. ಉಪ್ಪು ಯಾಕೆ ಅಂದರೆ ಇಂಬಳಕ್ಕೆ, ಅಂದರೆ ರಕ್ತ ಹೀರುವ ಜಿಗಣೆಗೆ. ನಿಮ್ಮ ಕಡೆ ಇದು ಇಲ್ಲ, ಮಕ್ಕಳಿಗೆ ಮೊದಲೇ ಹೇಳಿಡಿ. ತೋಟದ ದಾರಿಯಲ್ಲಿ ಕಾಲಿಗೆ ಹತ್ತುತ್ತೆ, ನೋವೇ ಆಗಲ್ಲ, ರಕ್ತ ನೋಡಿದಾಗಲೇ ಗೊತ್ತಾಗುವುದು. ಉಪ್ಪು ಮುಟ್ಟಿಸಿದರೆ ತಾನೇ ಬಿಡುತ್ತೆ. ಕಿತ್ತು ಎಳೆಯಬಾರದು. ನೀವು ನರ್ಸ್, ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಮಗು ಹೆದರಿ ಕಿರುಚಿ ದಾರಿಯಲ್ಲೇ ಕೂತರೆ ಅನ್ನುವುದಕ್ಕೆ ಹೇಳಿದೆ.

ಮಳೆ ರಜೆ. ಇದು ಹೊಸಬರಿಗೆ ತಲೆ ಕೆಡಿಸುವ ವಿಷಯ. ರಜೆ ತಾಲ್ಲೂಕುವಾರು ಕೊಡುತ್ತಾರೆ. ಮೂಡಿಗೆರೆ, ಕಳಸ, ಶೃಂಗೇರಿ, ಕೊಪ್ಪಕ್ಕೆ ರಜೆ ಇದ್ದ ದಿನ ಕಡೂರಿಗೆ ಇರದೇ ಇರಬಹುದು. ಜಿಲ್ಲೆ ಒಂದೇ, ಅಲ್ಲಿ ಮಳೆ ಕಮ್ಮಿ. ಆದೇಶ ಹಿಂದಿನ ರಾತ್ರಿ ಬರುತ್ತೆ, ಕೆಲವೊಮ್ಮೆ ಬೆಳಗ್ಗೆಯೇ. ಮೊಬೈಲಿಗೆ ಬಂದ ಆದೇಶದಲ್ಲಿ ತಾರೀಖು, ತಾಲ್ಲೂಕು ಎರಡೂ ಓದಿ. ಹೋದ ವರ್ಷದ್ದನ್ನು ಯಾರೋ ಮತ್ತೆ ಕಳಿಸಿರುತ್ತಾರೆ. ಅನುಮಾನ ಬಂದರೆ ಹೆಡ್‌ಮಾಸ್ಟರಿಗೆ ನೇರ ಫೋನ್ ಮಾಡಿ. ಹೋದ ದಿನಗಳನ್ನು ಆಮೇಲೆ ಶನಿವಾರ ಮಧ್ಯಾಹ್ನ ತರಗತಿ ಮಾಡಿ ತುಂಬಿಸುತ್ತಾರೆ. 2019ರ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿ ಮನೆಗಳೇ ಹೋದವು, ಘಾಟಿ ರಸ್ತೆ ಮುಚ್ಚಿತು. ಅವತ್ತಿನಿಂದ ಮಳೆ ರಜೆಯನ್ನು ಇಲ್ಲಿ ಯಾರೂ ಹಗುರವಾಗಿ ತಗೊಳ್ಳುವುದಿಲ್ಲ. ರಜೆ ಘೋಷಣೆ ಆಗದಿದ್ದರೂ ದಾರಿಯಲ್ಲಿ ಹಳ್ಳ ದಾಟುವ ಕಾಲುಸಂಕದ ಮೇಲೆ ನೀರು ಬಂದಿದ್ದರೆ ಮಗುವನ್ನು ಕಳಿಸಬೇಡಿ. ಟೀಚರಿಗೆ ಒಂದು ಫೋನ್ ಸಾಕು. ಏಣಿಯ ಮೆಟ್ಟಿಲು ಎಲ್ಲಿಗೂ ಹೋಗಲ್ಲ ಅಂತ ಆಗಲೇ ಹೇಳಿದೆನಲ್ಲ.

ಆದರೆ ಬಿಸಿಲು ಕಾಲದಲ್ಲಿ ಸುಮ್ನೆ ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಮದುವೆ, ಸುಗ್ಗಿ ಹಬ್ಬ, ನೆಂಟರು ಅಂತ ಮೂರು ಮೂರು ದಿನ ತಪ್ಪಿಸುವುದು ಇಲ್ಲಿ ಜಾಸ್ತಿ. ನಾನು ಎಸ್‌ಡಿಎಂಸಿ, ಅಂದರೆ ಶಾಲೆಯ ಉಸ್ತುವಾರಿ ಸಮಿತಿಯ ಸಭೆಗಳಲ್ಲಿ ಜಗಳ ಮಾಡುವುದು ಇದಕ್ಕೆ ಮಾತ್ರ. ಮಳೆ ಕಿತ್ತುಕೊಳ್ಳುವ ದಿನಗಳೇ ಸಾಕಷ್ಟಿವೆ.

ಆನೆ ವಿಷಯ ಕೇಳಿದಿರಿ. ಹೌದು, ಇವೆ. ಮೂಡಿಗೆರೆ, ಬೇಲೂರು, ಸಕಲೇಶಪುರ, ಆಲೂರು ಕಡೆ ತೋಟಗಳಲ್ಲಿ ಓಡಾಡುತ್ತವೆ. ಆನೆ ಯಾವ ಕಡೆ ಇದೆ ಅಂತ ಅರಣ್ಯ ಇಲಾಖೆಯವರು ಮೊಬೈಲಿಗೆ ಸುದ್ದಿ ಕಳಿಸುತ್ತಾರೆ. ಬಂದ ದಿನವೇ ನಿಮ್ಮ ನಂಬರ್ ಆ ಗುಂಪಿಗೆ ಸೇರಿಸಿಕೊಳ್ಳಿ. ಆನೆ ಹತ್ತಿರ ಇದ್ದ ದಿನ ದೊಡ್ಡವರೊಬ್ಬರು ಮಕ್ಕಳನ್ನು ಗುಂಪಾಗಿ ಕರೆದುಕೊಂಡು ಹೋಗುತ್ತಾರೆ, ಇಲ್ಲವೇ ಜೀಪಿನಲ್ಲಿ ಬಿಡುತ್ತಾರೆ. ಒಬ್ಬಂಟಿಯಾಗಿ ಮಗುವನ್ನು ತೋಟದ ಒಳದಾರಿಯಲ್ಲಿ ಯಾವತ್ತೂ ಕಳಿಸಬೇಡಿ, ಹತ್ತಿರ ಅಂತ ಅಂದುಕೊಂಡರೂ.

ಊಟದ ಬಗ್ಗೆ ನಿಮಗೆ ಹೊಸದಾಗಿ ಹೇಳುವುದು ಕಮ್ಮಿ. ಬಿಸಿಯೂಟ ಮೊದಲು ಶುರುವಾಗಿದ್ದೇ ನಿಮ್ಮ ರಾಯಚೂರು ಸೇರಿ ಏಳು ಜಿಲ್ಲೆಗಳಲ್ಲಿ, 2002ರಲ್ಲಿ. ನಮಗೆ ಬಂದದ್ದು ಮರುವರ್ಷ. ಬೆಳಗ್ಗೆ ಹಾಲು, ಮಧ್ಯಾಹ್ನ ಅನ್ನ ಸಾರು, ಮೊಟ್ಟೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. 2024ರಿಂದ ಮೊಟ್ಟೆ ವಾರಕ್ಕೆ ಆರು ದಿನ. ಜೋಳದ ರೊಟ್ಟಿ ತಿಂದು ಬೆಳೆದ ಮಕ್ಕಳಿಗೆ ದಿನಾ ಅನ್ನ ಮೊದಮೊದಲು ಹೊಟ್ಟೆಗೆ ಹಿಡಿಸದೇ ಇರಬಹುದು. ಅಡುಗೆ ಅಕ್ಕನಿಗೆ ಹೇಳಿದರೆ ಸ್ವಲ್ಪ ಸ್ವಲ್ಪವೇ ಬಡಿಸುತ್ತಾರೆ. ನಮ್ಮ ಶಾಲೆಗೆ ತಟ್ಟೆ ಲೋಟ ಮಕ್ಕಳೇ ತರುತ್ತಾರೆ. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಸಿ ಕೊಡಿ, ಇಲ್ಲದಿದ್ದರೆ ವಾರಕ್ಕೊಂದು ಬೇರೆಯವರ ತಟ್ಟೆ ಮನೆಗೆ ಬರುತ್ತೆ.

ದಿನಚರಿ ಬೇಗ ಹೇಳುತ್ತೇನೆ. ಹತ್ತರ ಹೊತ್ತಿಗೆ ಪ್ರಾರ್ಥನೆ, ನಾಡಗೀತೆ, ಸಂವಿಧಾನದ ಪೀಠಿಕೆ ಓದುವುದು. ಬಿಡುವುದು ನಾಲ್ಕು ದಾಟಿದ ಮೇಲೆ. ಶನಿವಾರ ಬೆಳಗ್ಗೆ ಬೇಗ ಶುರುವಾಗಿ ಮಧ್ಯಾಹ್ನಕ್ಕೆ ಮೊದಲೇ ಬಿಡುತ್ತೆ. ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ ದಿನ. ಒಂದು, ಎರಡನೇ ಕ್ಲಾಸಿಗೆ ಹೋಮ್‌ವರ್ಕ್ ಕೊಡಬಾರದು, ಬ್ಯಾಗು 2 ಕಿಲೋ ಮೀರಬಾರದು ಅಂತ 2019ರಲ್ಲೇ ಸರ್ಕಾರದ ಆದೇಶ ಇದೆ. ಹೋಮ್‌ವರ್ಕ್ ಇಲ್ಲ ಅಂತ ಟೀಚರನ್ನು ದೂರಬೇಡಿ. ಮಗಳಿಗೆ ವರ್ಷದಲ್ಲಿ ನಾಲ್ಕು ಎಫ್‌ಎ ಅಂದರೆ ಸಣ್ಣ ಪರೀಕ್ಷೆ, ಎರಡು ಎಸ್‌ಎ ಅಂದರೆ ದೊಡ್ಡ ಪರೀಕ್ಷೆ. ಅಂಕ ಬಂದಾಗ ಅಂಕಕ್ಕಿಂತ ಉತ್ತರ ಪತ್ರಿಕೆ ಕೇಳಿ ನೋಡಿ, ಎಲ್ಲಿ ತಪ್ಪಿದೆ ಅಂತ ಅಲ್ಲೇ ಗೊತ್ತಾಗುತ್ತೆ.

ಕಾಗದಪತ್ರ. ಮಗನಿಗೆ ಜನನ ಪ್ರಮಾಣಪತ್ರ, ಆಧಾರ್. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನುವುದು ನಿಯಮ. ಫೆಬ್ರವರಿಯಲ್ಲೇ ತುಂಬಿದೆ ಅಂದಿರಿ, ತೊಂದರೆ ಇಲ್ಲ. ಮಗಳಿಗೆ ಹಳೇ ಶಾಲೆಯ ಟಿಸಿ, ಅಂದರೆ ವರ್ಗಾವಣೆ ಪತ್ರ ಬೇಕು. ಅದರ ಜೊತೆ ಸ್ಯಾಟ್ಸ್ ನಂಬರ್, ಅಂದರೆ ಇಲಾಖೆಯ ಕಂಪ್ಯೂಟರಿನಲ್ಲಿ ಅವಳ ಹೆಸರಿಗೆ ಇರುವ ನಂಬರ್, ಮರೆಯದೆ ಬರೆಸಿಕೊಂಡು ಬನ್ನಿ. ಆ ನಂಬರ್ ಇದ್ದರೆ ಅವಳ ಹಿಂದಿನ ಮೂರು ವರ್ಷದ ವಿವರ ಕಂಪ್ಯೂಟರಿನಲ್ಲಿ ತಾನೇ ಸಿಗುತ್ತೆ. ಜಾತಿ, ಆದಾಯ ಪ್ರಮಾಣಪತ್ರ ಇದ್ದರೆ ತನ್ನಿ, ವಿದ್ಯಾರ್ಥಿವೇತನಕ್ಕೆ ಬೇಕಾಗುತ್ತೆ. ಟಿಸಿ ತಡವಾದರೂ ಅದೊಂದೇ ಕಾರಣಕ್ಕೆ ಸೇರಿಸಿಕೊಳ್ಳಲ್ಲ ಅನ್ನುವ ಹಾಗಿಲ್ಲ. ಇದು ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ.

ಇದೇ ಮಾತಿಗೆ ಇನ್ನೊಂದು. ಡಿಸೆಂಬರಿನಿಂದ ಕಾಫಿ ಕೊಯ್ಲು. ನಿಮ್ಮ ಕಡೆಯಿಂದ, ತಮಿಳುನಾಡಿನಿಂದ, ಅಸ್ಸಾಮಿನಿಂದ ಜನ ಬಂದು ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೂಲಿಯವರ ಸಾಲು ಮನೆಗಳಲ್ಲಿ ಇರುತ್ತಾರೆ. ಜೊತೆಗೆ ಮಕ್ಕಳೂ. ಕೈಯಲ್ಲಿ ಯಾವ ಕಾಗದವೂ ಇಲ್ಲ ಅಂತ ಅಪ್ಪ ಅಮ್ಮ ಶಾಲೆಯ ಹತ್ತಿರ ಬರೋಕೇ ಹೆದರುತ್ತಾರೆ. ಹೋದ ವರ್ಷ ಒಬ್ಬಳು ಪುಟ್ಟ ಹುಡುಗಿ ತಮ್ಮನನ್ನು ಸೊಂಟದಲ್ಲಿ ಎತ್ತಿಕೊಂಡು, ಶಾಲೆ ಬೇಲಿಯ ಆಚೆ ನಿಂತು ಒಳಗಿನ ಮಕ್ಕಳ ಹಾಡು ಪೂರ್ತಿ ಹೇಳುತ್ತಿದ್ದಳು. ಟೀಚರ್ ಹೋಗಿ ಮಾತಾಡಿ, ಅವಳನ್ನು ಕ್ಲಾಸಿಗೆ, ತಮ್ಮನನ್ನು ಅಂಗನವಾಡಿಗೆ ಸೇರಿಸಿಕೊಂಡರು. ಅವಳಿಗೂ ಅದೇ ರ ಗ ಸ ದ ಅ. ನೀವು ಚುಚ್ಚುಮದ್ದು ಹಾಕೋಕೆ ಲೈನ್ ಮನೆಗಳಿಗೆ ಹೋಗೇ ಹೋಗುತ್ತೀರಿ. ಅಂಥ ಮಗು ಕಂಡರೆ ಟೀಚರಿಗೋ ನನಗೋ ಹೇಳಿ. ನಿಮ್ಮ ಕಡೆಯ ಮಾತಿನಲ್ಲಿ ನೀವು ಹೇಳಿದರೆ ಆ ತಾಯಂದಿರು ಬೇಗ ಒಪ್ಪುತ್ತಾರೆ.

ಮೇ ಕೊನೆಯ ವಾರ ಬಂದುಬಿಡಿ. ಶಾಲೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಕೊಡೆ ಮಾತ್ರ ಅಲ್ಲಿಂದ ತರಬೇಡಿ, ಇಲ್ಲಿನ ಗಾಳಿಗೆ ನಿಲ್ಲಲ್ಲ. ಮೂಡಿಗೆರೆ ಪೇಟೆಯಲ್ಲಿ ಗಟ್ಟಿ ಕಡ್ಡಿಯದ್ದು ಸಿಗುತ್ತೆ, ಎರಡು ತಗೊಳ್ಳೋಣ. ಎಲ್ಲರದ್ದೂ ಕಪ್ಪು ಕೊಡೆಯೇ. ಮಕ್ಕಳ ಹೆಸರನ್ನು ಕೆಂಪು ದಾರದಲ್ಲಿ ನಾನು ಹೊಲಿದುಕೊಡುತ್ತೇನೆ.