ಫೇಟ್ ಬೇರೆ, ಡೆಸ್ಟಿನಿ ಬೇರೆ

ಪ್ರಶ್ನೆ: ಪದವಿ ತರಗತಿಗೆ ಅನುವಾದ ಕಲಿಸುತ್ತೇನೆ. ಫೇಟ್, ಡೆಸ್ಟಿನಿ, ಡೂಮ್, ಲಾಟ್ ನಾಲ್ಕಕ್ಕೂ ವಿದ್ಯಾರ್ಥಿಗಳು ‘ವಿಧಿ’ ಎಂದೇ ಬರೆಯುತ್ತಾರೆ. ಇವನ್ನು ಬಿಡಿಸಿ ಹೇಳುವುದು ಹೇಗೆ?
- ಓದುಗರು, ಧಾರವಾಡ

ಉತ್ತರ: ಫೇಟ್‌ಗೆ ‘ವಿಧಿ’ ಸರಿಯಾಗಿಯೇ ಹೊಂದುತ್ತದೆ. ಅದರ ಲ್ಯಾಟಿನ್ ಮೂಲ ಫಾತುಮ್, ಅಂದರೆ ‘ನುಡಿದದ್ದು’. ದೇವತೆಗಳು ನುಡಿದಾಯಿತು, ಇನ್ನು ಬದಲಿಲ್ಲ. ನಮ್ಮ ವಿಧಿಯಲ್ಲೂ ಇದೇ ಕಟ್ಟಳೆಯ ಅರ್ಥವಿದೆ. ಸಂವಿಧಾನದ 21ನೇ ವಿಧಿ ಎನ್ನುವಾಗ ಬಳಸುವುದೂ ಇದೇ ಪದವನ್ನು. ಗ್ರೀಕರು ವಿಧಿ ಗೊತ್ತುಮಾಡುವ ಕೆಲಸವನ್ನು ಮೂವರು ಸೋದರಿಯರಿಗೆ ಒಪ್ಪಿಸಿದ್ದರು. ಕ್ಲೋಥೋ ಬಾಳಿನ ದಾರ ನೂಲುತ್ತಾಳೆ, ಲಾಕೆಸಿಸ್ ಅಳೆಯುತ್ತಾಳೆ, ಆಟ್ರೊಪೊಸ್ ಕತ್ತರಿಸುತ್ತಾಳೆ. ಫೇಟ್ ಎಂಬ ಪದ ಹೆಚ್ಚಾಗಿ ಕೊನೆಯ ಕಡೆಗೆ, ಕೆಡುಕಿನ ಕಡೆಗೆ ವಾಲುವುದರಿಂದ, ಕತ್ತರಿ ಹಿಡಿದವಳನ್ನೇ ವಿದ್ಯಾರ್ಥಿಗಳಿಗೆ ಮೊದಲು ಪರಿಚಯಿಸಿ.

ಡೆಸ್ಟಿನಿಯ ಮೂಲದಲ್ಲಿರುವುದು ‘ಗೊತ್ತುಪಡಿಸು, ನೆಲೆಗೊಳಿಸು’ ಎಂಬ ಅರ್ಥ. ಡೆಸ್ಟಿನೇಷನ್ ಕೂಡ ಅದೇ ಬೇರಿನಿಂದ ಬಂದದ್ದು. ಹಾಗಾಗಿ ಈ ಪದದಲ್ಲಿ ಮುಂದೆ ತಲುಪಬೇಕಾದ ಒಂದು ಜಾಗವಿರುತ್ತದೆ, ಅಲ್ಲಿಗೆ ನಡೆಯುವವರ ಪಾತ್ರವೂ ಇರುತ್ತದೆ. 1947ರ ಆಗಸ್ಟ್ 14ರ ರಾತ್ರಿ ಸಂವಿಧಾನ ರಚನಾ ಸಭೆಯಲ್ಲಿ ನೆಹರೂ ಬಳಸಿದ ಮಾತು ‘ಟ್ರಿಸ್ಟ್ ವಿತ್ ಡೆಸ್ಟಿನಿ’. ಟ್ರಿಸ್ಟ್ ಎಂದರೆ ಮೊದಲೇ ಗೊತ್ತುಮಾಡಿಕೊಂಡ ಭೇಟಿ. ಅಲ್ಲಿ ಫೇಟ್ ಇಟ್ಟು ಓದಿಸಿ ನೋಡಿ, ಸ್ವಾತಂತ್ರ್ಯದ ಮಾತಿಗೆ ಸಾವಿನ ಛಾಯೆ ಬಂದುಬಿಡುತ್ತದೆ. ಏಕೆಂದರೆ ಇಂಗ್ಲಿಷಿನಲ್ಲಿ ಒಬ್ಬ ತನ್ನ ಫೇಟನ್ನು ‘ಮೀಟ್’ ಮಾಡಿದ ಎಂದರೆ ಬಹುಮಟ್ಟಿಗೆ ಅವನು ಸತ್ತ ಎಂದೇ. ಡೆಸ್ಟಿನಿಗೆ ‘ಭವಿತವ್ಯ’ ಒಳ್ಳೆಯ ಪದ. ಒಂದು ಎಚ್ಚರಿಕೆ: ಫೇಟ್, ಡೆಸ್ಟಿನಿ ನಡುವಿನ ಈ ಗೆರೆ ನಾಮಪದದಲ್ಲಿ ಎದ್ದು ಕಾಣುವಷ್ಟು ವಿಶೇಷಣದಲ್ಲಿ ಕಾಣುವುದಿಲ್ಲ. ‘ಡೆಸ್ಟಿನ್ಡ್ ಟು ಫೇಲ್’ ಎಂದೂ ಧಾರಾಳವಾಗಿ ಬರೆಯುತ್ತಾರೆ.

ಡೂಮ್ ಹಳೆಯ ಇಂಗ್ಲಿಷಿನಲ್ಲಿ ‘ತೀರ್ಪು’ ಎಂದಷ್ಟೇ ಇತ್ತು, ಒಳ್ಳೆಯದೋ ಕೆಟ್ಟದ್ದೋ. ಇಂಗ್ಲೆಂಡಿನ ದೊರೆ ಒಂದನೇ ವಿಲಿಯಮ್ 1086ರಲ್ಲಿ ಮಾಡಿಸಿದ ಜಮೀನು ಲೆಕ್ಕದ ಕಡತಕ್ಕೆ ಜನ ಡೂಮ್ಸ್‌ಡೇ ಬುಕ್ ಎಂದದ್ದು, ಅದರಲ್ಲಿ ಬರೆದದ್ದರ ಮೇಲೆ ಮೇಲ್ಮನವಿ ಇಲ್ಲವೆಂದು. ಈಗ ಉಳಿದಿರುವುದು ಕೆಟ್ಟ ತೀರ್ಪೊಂದೇ. ‘ಡೂಮ್ಡ್ ಟು ಫೇಲ್’ ಬಂದರೆ ವಿಧಿಯನ್ನು ಎಳೆದು ತರಬೇಡಿ. ‘ಸೋಲು ಕಟ್ಟಿಟ್ಟ ಬುತ್ತಿ’ ಎಂದರೆ ಮುಗಿಯಿತು.

ಲಾಟ್ ಎಂದರೆ ಮೊದಲಿಗೆ ಪಾಲು ಹಂಚಲು ಎಸೆಯುತ್ತಿದ್ದ ಕಡ್ಡಿ ಅಥವಾ ಚೂರು. ಲಾಟರಿ ಇದರ ನಂಟಿನದೇ. ನಿಮ್ಮ ಕಡೆಯ ನಸೀಬು ಅರಬ್ಬಿಯಲ್ಲಿ ‘ಪಾಲು’ ಎಂದೇ ಇದ್ದದ್ದು, ಕಿಸ್ಮತ್ತೂ ಹಾಗೆಯೇ. ಆದರೆ ಇಂದಿನ ಇಂಗ್ಲಿಷಿನಲ್ಲಿ ಲಾಟ್ ಎಂದರೆ ಬಾಳುತ್ತಿರುವ ಸ್ಥಿತಿ. ‘ದ ಲಾಟ್ ಆಫ್ ದ ಫಾರ್ಮರ್’ ಎಂದರೆ ರೈತನ ವಿಧಿಯಲ್ಲ, ರೈತನ ಪಾಡು. ವಿಧಿ ಎಂದು ಬರೆದರೆ ಅದನ್ನು ಸುಧಾರಿಸಲು ಸಾಧ್ಯವೇ ಇಲ್ಲವೆಂಬ ಅರ್ಥ ನುಸುಳುತ್ತದೆ. ಮೂಲದಲ್ಲಿ ಅದು ಇರುವುದಿಲ್ಲ. ಈ ನಾಲ್ಕರಲ್ಲಿ ಅತ್ಯಂತ ಹಾನಿಕರ ತಪ್ಪು ಇದೇ.

ಪ್ರಶ್ನೆ: ‘ದ ಫೇಟ್ ಆಫ್ ದ ಬಿಲ್’ ಎಂಬುದನ್ನು ‘ಮಸೂದೆಯ ವಿಧಿ’ ಎಂದು ಅನುವಾದಿಸಿದ್ದು ನೋಡಿದೆ. ಸರಿಯೇ?
- ಓದುಗರು, ಮಂಡ್ಯ

ಉತ್ತರ: ಸರಿಯಲ್ಲ. ‘ಮಸೂದೆಯ ವಿಧಿ’ ಎಂದರೆ ಅದರೊಳಗಿನ ಕಲಮು ಎಂದೇ ಓದುಗರು ತಿಳಿಯುತ್ತಾರೆ. ಸುದ್ದಿಯ ಇಂಗ್ಲಿಷಿನಲ್ಲಿ ಫೇಟ್ ಎಂದರೆ ಹೆಚ್ಚಿನ ಸಲ ‘ಕೊನೆಗೆ ಏನಾಯಿತು’ ಎಂದಷ್ಟೇ, ದೈವದ ಸುಳಿವೇ ಇರುವುದಿಲ್ಲ. ಪರೀಕ್ಷೆ ಸುಲಭ: ಆ ಜಾಗದಲ್ಲಿ ‘ಗತಿ ಏನಾಯಿತು’ ಎಂದಿಟ್ಟು ಓದಿ. ವಾಕ್ಯದ ಅರ್ಥ ಕೆಡದಿದ್ದರೆ ವಿಧಿ ಬೇಡ. ‘ಮಸೂದೆ ಏನಾಗಲಿದೆ’, ‘ನಾಪತ್ತೆಯಾದವರ ಗತಿ’ ಎಂದು ಬರೆಯಿರಿ. ಮತದಾನದ ಮರುದಿನ ನಮ್ಮ ಪತ್ರಿಕೆಗಳು ‘ಅಭ್ಯರ್ಥಿಗಳ ಭವಿಷ್ಯ ಮತಯಂತ್ರದಲ್ಲಿ ಭದ್ರ’ ಎನ್ನುತ್ತವಲ್ಲ, ಅದು ಇಂಗ್ಲಿಷಿನ ‘ಫೇಟ್ ಸೀಲ್ಡ್’ ಎಂಬುದಕ್ಕೆ ಸುದ್ದಿಮನೆಗಳು ಕಂಡುಕೊಂಡ ಅಚ್ಚುಕಟ್ಟಾದ ರೂಪ.

ಪ್ರಶ್ನೆ: ಫೇಟಲ್, ಫೇಟ್‌ಫುಲ್ ಒಂದೇ ಅಲ್ಲವೇ?
- ಓದುಗರು, ಶಿವಮೊಗ್ಗ

ಉತ್ತರ: ಅಲ್ಲ. ಅಪಘಾತ ‘ಫೇಟಲ್’ ಆಗಿದ್ದರೆ ಯಾರೋ ಸತ್ತಿದ್ದಾರೆ. ‘ಫೇಟ್‌ಫುಲ್’ ದಿನ ಎಂದರೆ ಮುಂದಿನದನ್ನೆಲ್ಲ ನಿರ್ಧರಿಸಿದ ದಿನ. ಹೆಚ್ಚಾಗಿ ಕೆಟ್ಟದ್ದಕ್ಕೇ ಹೇಳುತ್ತಾರಾದರೂ ಸಾವು ಆಗಿರಲೇಬೇಕೆಂದಿಲ್ಲ.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಇನ್ನೂ ಹುಷಾರಾಗಿರಬೇಕು. ‘ಮಾರಣಾಂತಿಕ ಹಲ್ಲೆ’ ಎಂದು ನಾವು ಬರೆಯುವಾಗ ಏಟು ತಿಂದವರು ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿರಬಹುದು. ಅದನ್ನು ‘ಫೇಟಲ್ ಅಟ್ಯಾಕ್’ ಎಂದರೆ ಬದುಕಿರುವವರನ್ನು ಸಾಯಿಸಿದಂತೆ. ‘ನಿಯರ್-ಫೇಟಲ್’ ಅಥವಾ ‘ಮರ್ಡರಸ್’ ಎನ್ನಿ. ದೂರು, ವಿಮೆ ಅರ್ಜಿಗಳಲ್ಲಿ ಈ ತಪ್ಪು ಸಣ್ಣದಲ್ಲ.

ಪ್ರಶ್ನೆ: ‘ಇಟ್ ಈಸ್ ಮೈ ಬ್ಯಾಡ್ ಫೇಟ್’ ಎನ್ನಬಹುದೇ?
- ವಿದ್ಯಾರ್ಥಿನಿ, ಮೈಸೂರು

ಉತ್ತರ: ಬೇಡ. ಬಸ್ಸು ತಪ್ಪಿದರೂ ನಾವು ‘ನನ್ನ ಹಣೆಬರಹ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಅಂಥ ಸಣ್ಣ ಸಂಗತಿಗೆ ‘ಜಸ್ಟ್ ಮೈ ಲಕ್’ ಸಾಕು. ಗುಡ್, ಬ್ಯಾಡ್ ಎಂಬುವು ಲಕ್ ಜೊತೆ ಸಲೀಸಾಗಿ ಕೂರುತ್ತವೆ, ಫೇಟ್ ಜೊತೆ ಕೂರುವುದಿಲ್ಲ. ಫಾರ್ಚೂನ್ ಲಕ್‌ಗಿಂತ ಗಂಭೀರ, ಸಂಪತ್ತು ಎಂಬ ಅರ್ಥವೂ ಅದಕ್ಕಿದೆ. ‘ಫಾರ್ಚೂನ್ಸ್’ ಎಂದು ಬಹುವಚನದಲ್ಲಿ ಬಂದರೆ ಅನೇಕ ಸಲ ‘ಏಳುಬೀಳು’ ಎಂದರ್ಥ.

ಪ್ರಶ್ನೆ: ಕರ್ಮವನ್ನು ಫೇಟ್ ಎಂದು ಅನುವಾದಿಸಬಹುದೇ?
- ಓದುಗರು, ಉಡುಪಿ

ಉತ್ತರ: ಕೂಡದು. ಫೇಟ್ ಹೊರಗಿನವರು ನುಡಿದದ್ದು, ಕರ್ಮ ತಾನೇ ಮಾಡಿದ್ದು. ಕರ್ಮದಲ್ಲಿ ಮೂರು ಬಗೆ. ಸಂಚಿತ ಎಂದರೆ ಕೂಡಿಟ್ಟ ಕರ್ಮ. ಅದರಲ್ಲಿ ಈ ಜನ್ಮದಲ್ಲಿ ಫಲ ಕೊಡತೊಡಗಿದ್ದು ಪ್ರಾರಬ್ಧ. ಈಗ ಮಾಡುತ್ತಿದ್ದು ಮುಂದೆ ಫಲಿಸುವುದು ಆಗಾಮಿ. ಫೇಟ್ ಎಂದರೆ ಪ್ರಾರಬ್ಧದ ನೆರಳಷ್ಟೇ ಸಿಗುತ್ತದೆ, ಆಗಾಮಿ ಕೈಬಿಟ್ಟುಹೋಗುತ್ತದೆ. ಕರ್ಮ ಈಗ ಇಂಗ್ಲಿಷ್ ನಿಘಂಟುಗಳಲ್ಲೇ ಇರುವುದರಿಂದ ಹಾಗೇ ಬಿಡಿ. ಆದರೆ ಆಡುಮಾತಿನ ಇಂಗ್ಲಿಷಿನಲ್ಲಿ ಅದು ‘ಮಾಡಿದ್ದುಣ್ಣೋ ಮಹರಾಯ’ ಎಂಬಷ್ಟಕ್ಕೆ ಇಳಿದಿದೆ. ತಾತ್ವಿಕ ಬರಹವಾದರೆ ಮೊದಲ ಸಲ ಬಂದಾಗಲೇ ಮೂರು ಬಗೆಯನ್ನೂ ಒಂದು ವಾಕ್ಯದಲ್ಲಿ ವಿವರಿಸಿ ಮುಂದುವರಿಯಿರಿ.